ಒಂದೇ ಗಾಡಿ, ಎರಡು ಕಂಪ್ರೆಸರ್, 23 ದಿನ

ಈ ಕಾರಿನ ಎಸಿ ರಿಪೇರಿ ಮೊದಲ ಸಲ ಕೆಟ್ಟಿದ್ದು ನನ್ನ ಕೈಯಲ್ಲೇ. ಅದಕ್ಕೇ ಬರೆಯುತ್ತಿದ್ದೇನೆ. ಕಾರ್ ಎಸಿ ಕೆಲಸ ಕಲಿಯುತ್ತಿರುವ ಹುಡುಗರಿಗೆ ಉಪಯೋಗ ಆಗಬಹುದು, ಹಳೇ ಗಾಡಿ ಇಟ್ಟುಕೊಂಡು ಪ್ರತಿ ಬೇಸಿಗೆಗೆ ಗ್ಯಾಸ್ ತುಂಬಿಸುವವರಿಗೂ ಆಗಬಹುದು. ಗಾಡಿ ಯಾವ ಕಂಪನಿಯದು, ಯಾವ ಊರಿನದು ಅನ್ನೋದೆಲ್ಲ ಬೇಡ. ಮಾಲೀಕರು ರಿಟೈರ್ ಆದ ಟೀಚರ್. ನಮ್ಮ ಕಡೆ ಅವರನ್ನು ಅಕ್ಕೋರು ಅಂತಾರೆ, ಇಲ್ಲೂ ಅಷ್ಟೇ ಇರಲಿ. ನನ್ನ ಗ್ಯಾರೇಜು ಕುಮಟಾ ಕಡೆ.

ಗಾಡಿ 2010ರ ಸಣ್ಣ ಪೆಟ್ರೋಲ್ ಕಾರು. ಅಕ್ಕೋರು ಅದನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು 2016ರಲ್ಲಿ. ಮನೆ ಅಂಕೋಲಾ ತಾಲೂಕಿನಲ್ಲಿ, ಕಡಲಿಗೆ ಹತ್ತಿರ. ಗಾಡಿ ನಿಲ್ಲಿಸುವುದು ತಗಡಿನ ಮಾಡಿನ ಕೆಳಗೆ, ಉಪ್ಪು ಗಾಳಿ ನೇರ ಬಂದು ಮುಂದಿನ ಗ್ರಿಲ್‌ಗೆ ಬಡಿಯುತ್ತದೆ. ಅವರ ಯಜಮಾನರಿಗೆ ಉಬ್ಬಸ. ಹದಿನೈದು ದಿನಕ್ಕೊಮ್ಮೆ ಕಾರವಾರಕ್ಕೆ ಡಾಕ್ಟರ ಹತ್ತಿರ ಹೋಗಲೇಬೇಕು. ಹೈವೇಯಲ್ಲಿ ಗ್ಲಾಸ್ ಇಳಿಸಿದರೆ ಲಾರಿ ಧೂಳು, ಏರಿಸಿದರೆ ಸೆಕೆ. ನಮ್ಮ ಕರಾವಳಿಯ ಏಪ್ರಿಲ್, ಮೇ ಗೊತ್ತಲ್ಲ, ಮೊಬೈಲು 33 ಡಿಗ್ರಿ ಅಂತ ತೋರಿಸುತ್ತಿರುತ್ತದೆ, ಮೈ ಮೇಲಿನ ಬೆವರು ಮಾತ್ರ ಆರುವುದೇ ಇಲ್ಲ. ಹಾಗಾಗಿ ಅವರಿಗೆ ಎಸಿ ಶೋಕಿಯ ವಸ್ತು ಅಲ್ಲ.

ನನ್ನ ಹತ್ತಿರ ಬರುವ ಮೊದಲು ಈ ಗಾಡಿಗೆ ಮೂರು ಸಲ ಗ್ಯಾಸ್ ತುಂಬಿಸಿದ್ದರು. 2019, 2021, 2022. ಮೂರೂ ಬೇರೆ ಬೇರೆ ಕಡೆ. ಮೂರೂ ಸಲ ತಣ್ಣಗಾಗಿದೆ, ದುಡ್ಡು ಕೊಟ್ಟು ಬಂದಿದ್ದಾರೆ. ಹೋದ ಗ್ಯಾಸ್ ಎಲ್ಲಿಗೆ ಹೋಯಿತು ಅಂತ ಯಾರೂ ಹುಡುಕಿಲ್ಲ. ಎಸಿ ಗ್ಯಾಸ್ ಪೆಟ್ರೋಲ್ ಥರ ಉರಿದು ಖರ್ಚಾಗುವ ವಸ್ತು ಅಲ್ಲವಲ್ಲ. ರಬ್ಬರ್ ಪೈಪಿನಿಂದ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಜಿನುಗಬಹುದು, ಅಷ್ಟೇ. ವರ್ಷ, ಎರಡು ವರ್ಷಕ್ಕೆ ಖಾಲಿ ಆಗುತ್ತಿದೆ ಅಂದರೆ ಎಲ್ಲೋ ತೂತಿದೆ ಅಂತಲೇ ಅರ್ಥ. ಮತ್ತೆ ಗ್ಯಾಸ್ ಒಂದೇ ಹೋಗುವುದಿಲ್ಲ. ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್‌ಗೆ ಇಂಜಿನ್ ಥರ ಆಯಿಲ್ ಪಂಪು, ಆಯಿಲ್ ಸಂಪು ಅಂತ ಬೇರೆ ವ್ಯವಸ್ಥೆ ಇಂಥ ಸಣ್ಣ ಗಾಡಿಯಲ್ಲಿ ಇರುವುದಿಲ್ಲ, ಗ್ಯಾಸ್ ಜೊತೆಗೇ ಎಣ್ಣೆ ಮಂಜಿನ ಹಾಗೆ ಸುತ್ತು ಹೊಡೆದು ವಾಪಸ್ ಬರಬೇಕು. ಗ್ಯಾಸ್ ಸೋರುವಲ್ಲಿ ಎಣ್ಣೆಯೂ ಸೋರುತ್ತದೆ. ತುಂಬಿಸುವವರು ಗ್ಯಾಸ್ ತುಂಬಿಸುತ್ತಾರೆ, ಎಣ್ಣೆ ತುಂಬಿಸುವುದಿಲ್ಲ.

ಇನ್ನೊಂದು ವಿಷಯ ಮಾತಾಡುತ್ತಾ ಗೊತ್ತಾಯಿತು. ಅಕ್ಕೋರು ಜೂನ್‌ನಿಂದ ಸೆಪ್ಟೆಂಬರ್ ತನಕ ಎಸಿ ಸ್ವಿಚ್ ಮುಟ್ಟುತ್ತಲೇ ಇರಲಿಲ್ಲ. ಮಳೆಗಾಲದಲ್ಲಿ ಎಸಿ ಯಾಕೆ ಅಲ್ವಾ? ಗ್ಲಾಸಿನ ಮೇಲೆ ಮಂಜು ಕೂತರೆ ಪೇಪರಿನಲ್ಲಿ ಒರೆಸಿಕೊಂಡು ಓಡಿಸುತ್ತಿದ್ದರು. ನಾಲ್ಕು ತಿಂಗಳು ಕಂಪ್ರೆಸರ್ ತಿರುಗದೇ ಇದ್ದರೆ ಅದರ ಶಾಫ್ಟ್ ಸೀಲ್ (ತಿರುಗುವ ದಂಡದ ಸುತ್ತ ಗ್ಯಾಸ್ ಹೊರಬರದ ಹಾಗೆ ತಡೆಯುವ ರಿಂಗು) ಎಣ್ಣೆ ಇಲ್ಲದೆ ಒಣಗುತ್ತದೆ. ಸೋರಿಕೆ ಶುರುವಾಗಿದ್ದು ಅಲ್ಲೇ. ಗಾಡಿ ನನ್ನ ಹತ್ತಿರ ಬಂದಾಗ ಕಂಪ್ರೆಸರಿನ ಕ್ಲಚ್ಚಿನ (ಎಸಿ ಹಾಕಿದಾಗ ಬೆಲ್ಟಿನ ಪುಲ್ಲಿಯನ್ನು ಕಂಪ್ರೆಸರಿಗೆ ಹಿಡಿಸುವ ಭಾಗ) ಸುತ್ತ ಎಣ್ಣೆ ಮತ್ತು ಧೂಳು ಸೇರಿ ದೋಸೆ ಕಾವಲಿಯ ಅಂಚಿನ ಹಾಗೆ ಕಪ್ಪಗೆ ಗಟ್ಟಿಯಾಗಿ ಕೂತಿತ್ತು. ಕೆಳಗೆ ಬಗ್ಗಿ ಟಾರ್ಚ್ ಹಾಕಿದ್ದರೆ ಯಾರಿಗಾದರೂ ಕಾಣುತ್ತಿತ್ತು.

2023ರ ಏಪ್ರಿಲ್. ಶಿರಸಿಯಲ್ಲಿ ಮದುವೆ. ಎಸಿ ಒಂದು ವಾರದಿಂದ ತಣ್ಣಗಾಗುತ್ತಿರಲಿಲ್ಲವಂತೆ, ಆದರೂ ಗಾಳಿಯಾದರೂ ಬರಲಿ ಅಂತ ಸ್ವಿಚ್ ಹಾಕಿಯೇ ಇಟ್ಟಿದ್ದರು. ಕತಗಾಲ ದಾಟಿ ದೇವಿಮನೆ ಘಟ್ಟ ಹತ್ತುವಾಗ ಮುಂದಿನಿಂದ ಕರಕರ ಶಬ್ದ, ಆಮೇಲೆ ಬೆಲ್ಟು ಕಿರುಚಿ ರಬ್ಬರ್ ಸುಟ್ಟ ವಾಸನೆ. ಎಸಿ ಆಫ್ ಮಾಡಿದ ಕೂಡಲೇ ಶಬ್ದ ನಿಂತಿತು. ಇದು ಒಳ್ಳೇ ಸುಳಿವು. ಎಸಿ ಆಫ್ ಇದ್ದಾಗಲೂ ಶಬ್ದ ಬಂದರೆ ಪುಲ್ಲಿ ಬೇರಿಂಗ್ ಹೋಗಿರಬಹುದು, ಅದನ್ನು ಮಾತ್ರ ಬದಲಿಸಿದರೆ ಕಡಿಮೆಯಲ್ಲಿ ಮುಗಿಯುತ್ತದೆ. ಕ್ಲಚ್ ಹಿಡಿದಾಗ ಮಾತ್ರ ಶಬ್ದ ಅಂದರೆ ಕಂಪ್ರೆಸರ್ ಹೊಟ್ಟೆಯೊಳಗೇ ತೊಂದರೆ. ಅವರು ಎಸಿ ಆಫ್ ಮಾಡಿಕೊಂಡೇ ಮದುವೆ ಮುಗಿಸಿ ಮರುದಿನ ನನ್ನ ಗ್ಯಾರೇಜಿಗೆ ಬಂದರು.

ಗೇಜ್ ಹಾಕಿದೆ. ಇಂಜಿನ್ ನಿಂತಿದ್ದಾಗ ಗ್ಯಾಸಿನ ಒತ್ತಡ ಲೋ ಸೈಡ್ (ಕಂಪ್ರೆಸರಿಗೆ ಗ್ಯಾಸ್ ಬರುವ ಕಡೆ), ಹೈ ಸೈಡ್ (ಒತ್ತಿ ಕಳಿಸುವ ಕಡೆ) ಎರಡೂ ಕಡೆ 20 ಪಿಎಸ್‌ಐ. ಈ ಸೆಕೆಯಲ್ಲಿ ಸರಿಯಾಗಿ ಆರ್ 134ಎ ಗ್ಯಾಸ್ ಇರುವ ಗಾಡಿ ನಿಂತಲ್ಲೇ 100ರ ಮೇಲೆ ತೋರಿಸಬೇಕು. ಅಂದರೆ ಒಳಗೆ ಗ್ಯಾಸೇ ಇಲ್ಲ ಅನ್ನಬೇಕು. ಸ್ಟಾರ್ಟ್ ಮಾಡಿ ಎರಡು ಸೆಕೆಂಡ್ ಎಸಿ ಹಾಕಿದೆ. ಕ್ಲಚ್ ಹಿಡಿಯಿತು, ಬೆಲ್ಟ್ ಕಿರುಚಿತು, ಆಫ್ ಮಾಡಿದೆ.

ಇಲ್ಲೇ ಒಂದು ತಪ್ಪಿದೆ. ಓದುವವರು ಯಾರಾದರೂ ಈ ಕೆಲಸದವರಾದರೆ ಇಷ್ಟರಲ್ಲೇ ಹಿಡಿದಿರುತ್ತೀರಿ. ನಾನು ಹಿಡಿಯಲಿಲ್ಲ.

ಪೈಪ್ ಬಿಚ್ಚಿದಾಗ ಬಂದ ಎಣ್ಣೆ ಕಾಡಿಗೆ ಬಣ್ಣ. ಬಿಳಿ ಬನಿಯನ್ ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಹಿಡಿದರೆ ಮೀನಿನ ಪೊರೆಯ ಹಾಗೆ ಸಣ್ಣ ಸಣ್ಣ ಚೂರು ಮಿಂಚುತ್ತಿತ್ತು. ಎಣ್ಣೆ ಇಲ್ಲದೆ ತಿರುಗಿ ಕಂಪ್ರೆಸರ್ ತನ್ನನ್ನೇ ಅರೆದುಕೊಂಡಿದೆ, ಆ ಪುಡಿ ಇಡೀ ಸಿಸ್ಟಮ್ಮಿಗೆ ಹೋಗಿದೆ. ಹೀಗಾದಾಗ ಕಂಪ್ರೆಸರ್ ಒಂದನ್ನೇ ಬದಲಿಸಿದರೆ ಸಾಲದು. ಬಿಸಿ ಗ್ಯಾಸನ್ನು ತಣ್ಣಗೆ ಮಾಡುವ ಕಂಡೆನ್ಸರ್, ನೀರಿನಂಶ ಹೀರುವ ಡ್ರೈಯರ್, ಕೂಲಿಂಗ್ ಕಾಯಿಲಿಗೆ ಗ್ಯಾಸ್ ಅಳೆದು ಬಿಡುವ ಎಕ್ಸ್‌ಪಾನ್ಶನ್ ವಾಲ್ವ್ ಮೂರನ್ನೂ ಬದಲಿಸಬೇಕು. ಅಕ್ಕೋರಿಗೆ ಹೇಳಿದೆ, ಎಲ್ಲ ಸೇರಿ 25,000 ಆಗಬಹುದು ಅಂತ.

"ಅಷ್ಟೆಲ್ಲ ಬೇಡ ತಮ್ಮಾ. ಇನ್ನೆರಡು ವರ್ಷ ಓಡಿದ್ರೆ ಸಾಕು. ಆಮೇಲೆ ಹೇಗೂ ಆರ್‌ಸಿ ಮುಗೀತದೆ."

ಮಾತು ಸುಳ್ಳಲ್ಲ. 15 ವರ್ಷ ತುಂಬುತ್ತಾ ಬಂದ ಗಾಡಿಗೆ ಎಷ್ಟು ಸುರಿಯುವುದು? ಅವರ ಅಳಿಯ ಹುಬ್ಬಳ್ಳಿಯ ಗುಜರಿಯಿಂದ 4,500 ರೂಪಾಯಿಗೆ ಅದೇ ಮಾಡೆಲ್ಲಿನ ಹಳೇ ಕಂಪ್ರೆಸರ್ ತರಿಸಿಕೊಟ್ಟರು. ನಾನು ಒಪ್ಪಿಕೊಂಡೆ. ಗುಜರಿ ಕಂಪ್ರೆಸರ್ ಹಾಕಿದ್ದನ್ನೇ ನಾನು ತಪ್ಪು ಅನ್ನುವುದಿಲ್ಲ, ಎಷ್ಟೋ ಗಾಡಿ ಅದರಲ್ಲೇ ಓಡುತ್ತಿವೆ. ಕಂಡೆನ್ಸರ್ ಬದಲಿಸಲೇಬೇಕು, ಇಲ್ಲದಿದ್ದರೆ ಕೆಲಸ ಮಾಡಲ್ಲ ಅಂತ ಹೇಳದೆ "ಫ್ಲಶ್ ಮಾಡಿ ನೋಡೋಣ ಅಕ್ಕೋರೆ" ಅಂದೆನಲ್ಲ, ತಪ್ಪು ಅದು. ಗಿರಾಕಿ ಬೇಡ ಅಂದಿದ್ದಕ್ಕೆ ಅಂತ ಹೇಳಬಹುದು. ಆದರೆ ಅವರಿಗೆ ಗೊತ್ತಿರುವುದು ದುಡ್ಡಿನ ಲೆಕ್ಕ, ಒಳಗೇನಿದೆ ಅಂತ ನೋಡಿದವನು ನಾನು.

ಫ್ಲಶ್ ಮಾಡಿದೆ. ಲಿಕ್ವಿಡ್ ಹಾಕಿ, ಗ್ಯಾರೇಜಿನ ಏರ್ ಲೈನಿನಿಂದಲೇ ಊದಿದೆ. ಮೊದಲು ಕಪ್ಪು ಬಂತು, ಆಮೇಲೆ ಬೂದು, ಕೊನೆಗೆ ತಿಳಿ ಬಂತು. ತಿಳಿ ಬಂತಲ್ಲ, ಕ್ಲೀನ್ ಆಯ್ತು ಅಂದುಕೊಂಡೆ. ಡ್ರೈಯರ್ ಮಾತ್ರ ಹೊಸದು ಹಾಕಿದೆ. ಗುಜರಿ ಕಂಪ್ರೆಸರಿನಲ್ಲಿ ಎಷ್ಟು ಎಣ್ಣೆ ಉಳಿದಿದೆ ಅಂತ ಬಗ್ಗಿಸಿ ಅಳೆಯಲಿಲ್ಲ, ಅಂದಾಜಿಗೆ 50 ಎಂಎಲ್ ಹಾಕಿದೆ.

ಗ್ಯಾಸ್ ತುಂಬುವ ಮೊದಲು ವೈರಿಂಗ್ ಸರಿ ಇದೆಯಾ ಅಂತ ನನ್ನ ಹುಡುಗ ಕೀ ತಿರುಗಿಸಿ ಎಸಿ ಸ್ವಿಚ್ ಒತ್ತಿದ. ಟಕ್ ಅಂತ ಕ್ಲಚ್ ಹಿಡಿಯಿತು.

"ಅಣ್ಣಾ, ಗ್ಯಾಸ್ ಇಲ್ದೇನೂ ಕ್ಲಚ್ ಹಿಡೀತಲ್ಲ?"

"ಸುಮ್ನೆ ಆಫ್ ಮಾಡು ಮಾರಾಯ, ಕೆಲ್ಸ ಬೇಕಾದಷ್ಟಿದೆ" ಅಂದೆ ನಾನು. ಅವತ್ತು ಹೊರಗೆ ಇನ್ನೂ ಎರಡು ಗಾಡಿ ಕಾಯುತ್ತಿದ್ದವು.

ಬಿಲ್ 8,200 ರೂಪಾಯಿ. ಮೊದಲ ಹತ್ತು ದಿನ ಚೆನ್ನಾಗಿಯೇ ಇತ್ತು. 11ನೇ ದಿನ ಅಕ್ಕೋರ ಫೋನ್. ಹೈವೇಯಲ್ಲಿ ತಣ್ಣಗಿರುತ್ತದೆ, ಅಂಕೋಲಾ ಪೇಟೆಯಲ್ಲಿ ನಿಂತರೆ ಬಿಸಿ ಗಾಳಿ. ತರಿಸಿ ನೋಡಿದರೆ ನಿಂತಲ್ಲಿ ಹೈ ಸೈಡ್ 340 ಪಿಎಸ್‌ಐ. ಬೇಸಿಗೆಯಲ್ಲಿ 200ರಿಂದ 250ರ ಒಳಗೆ ಇರಬೇಕಾದದ್ದು. ಕಂಡೆನ್ಸರ್ ಮೇಲೆ ಒಂದು ಬಕೆಟ್ ನೀರು ಹೊಯ್ದೆ, 240ಕ್ಕೆ ಇಳಿಯಿತು. ನೀರು ಹೊಯ್ದರೆ ಇಳಿಯುತ್ತದೆ ಅಂದರೆ ಗಾಳಿ ಸಾಕಾಗುತ್ತಿಲ್ಲ, ಫ್ಯಾನ್ ವೀಕ್ ಅಂತ ತೀರ್ಮಾನ ಮಾಡಿಬಿಟ್ಟೆ. ಫ್ಯಾನ್ ಮೋಟರ್ 1,800. ಹಾಕಿದ ಮೇಲೆ 300ರ ಹತ್ತಿರ ಬಂತು. ಆಗಲಾದರೂ ಸಂಶಯ ಬರಬೇಕಿತ್ತು. ಕಂಡೆನ್ಸರ್ ಅರ್ಧ ಕಟ್ಟಿಕೊಂಡಿದ್ದರೂ ನೀರು ಹೊಯ್ದರೆ ಪ್ರೆಶರ್ ಇಳಿಯುತ್ತದೆ, ಉಳಿದ ಅರ್ಧವನ್ನು ನೀರು ತಣ್ಣಗೆ ಮಾಡುತ್ತದಲ್ಲ. ಕೈ ಇಟ್ಟು ಮೇಲಿನಿಂದ ಕೆಳಗೆ ಸವರಿಕೊಂಡು ಬಂದಿದ್ದರೆ ಸಾಕಿತ್ತು. ಚೆನ್ನಾಗಿರುವ ಕಂಡೆನ್ಸರಿನಲ್ಲಿ ಬಿಸಿ ನಿಧಾನಕ್ಕೆ ಕಡಿಮೆ ಆಗುತ್ತಾ ಬರುತ್ತದೆ. ಕಟ್ಟಿಕೊಂಡಿದ್ದರೆ ಒಂದು ಕಡೆ ಕೈ ಸುಡುತ್ತದೆ, ನಾಲ್ಕು ಬೆರಳು ಆಚೆ ಏನೂ ಇಲ್ಲ.

23ನೇ ದಿನ ಕಾರವಾರದಿಂದ ವಾಪಸ್ ಬರುವಾಗ ಅವರ್ಸಾ ಹತ್ತಿರ ಮತ್ತೆ ಅದೇ ಕಿರುಚಾಟ. ಈ ಗಾಡಿಯಲ್ಲಿ ಎಸಿಗೆ ಬೇರೆಯೇ ಬೆಲ್ಟ್ ಇದ್ದಿದ್ದರಿಂದ ಅಲ್ಲೇ ಒಬ್ಬರು ಅದನ್ನು ಕತ್ತರಿಸಿ ಕಳಿಸಿಕೊಟ್ಟರು. ಒಂದೇ ಬೆಲ್ಟಿನಲ್ಲಿ ಆಲ್ಟರ್ನೇಟರ್, ವಾಟರ್ ಪಂಪ್ ಎಲ್ಲ ತಿರುಗುವ ಗಾಡಿಯಾಗಿದ್ದರೆ ಆ ಮಧ್ಯಾಹ್ನದ ಬಿಸಿಲಲ್ಲಿ ಉಬ್ಬಸದ ಮನುಷ್ಯನನ್ನು ಕೂರಿಸಿಕೊಂಡು ರಸ್ತೆ ಮೇಲೇ ನಿಲ್ಲಬೇಕಿತ್ತು. ಇದನ್ನು ನೆನೆಸಿಕೊಂಡರೆ ಈಗಲೂ ಸರಿ ಅನ್ನಿಸುವುದಿಲ್ಲ.

ಅವತ್ತು ಅಕ್ಕೋರು ಬೈಯಲಿಲ್ಲ. ಕುರ್ಚಿ ಮೇಲೆ ಕೂತು, "ಈ ಸಲ ಏನು ಹೋಗಿದೆ ಅಂತ ಹೇಳ್ಬೇಡ. ಯಾಕೆ ಹೋಯ್ತು ಅಂತ ಹೇಳು" ಅಂದರು. ಟೀಚರ್ ಆಗಿದ್ದವರು ಅನ್ನೋದು ಸುಮ್ನೆ ಅಲ್ಲ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ದಿನ ಟೈಮ್ ಕೇಳಿದೆ.

ಮೊದಲು ಕಂಡೆನ್ಸರ್ ಬಿಚ್ಚಿ ವೈಸಿಗೆ ಹಾಕಿ ಹ್ಯಾಕ್ಸಾ ಬ್ಲೇಡಿನಲ್ಲಿ ಅಡ್ಡ ಕೊಯ್ದೆ. ಈಗಿನ ಕಂಡೆನ್ಸರಿನ ಒಳಗೆ ಚಪ್ಪಟೆ ಟ್ಯೂಬುಗಳು ಸಾಲಾಗಿ ಇರುತ್ತವೆ, ಒಂದೊಂದು ಟ್ಯೂಬಿನ ಬಾಯಿ ನೋಡಿದರೆ ಶ್ಯಾವಿಗೆ ಒತ್ತುವ ಅಚ್ಚಿನ ಹಾಗೆ ಸಣ್ಣ ಸಣ್ಣ ತೂತು. ಮೇಲಿನ ಸಾಲುಗಳಲ್ಲಿ ತೂತಿನಿಂದ ಬೆಳಕು ಕಾಣುತ್ತಿತ್ತು. ಕೆಳಗಿನ ಸಾಲುಗಳಲ್ಲಿ ಬಹಳಷ್ಟು ತೂತು ಮುಚ್ಚಿಹೋಗಿದ್ದವು. ಪಿನ್ನಿನಲ್ಲಿ ಕೆರೆದರೆ ಒದ್ದೆ ನಸ್ಯದ ಹಾಗೆ ಕರಿ ಮುದ್ದೆ ಬಂತು. ನಾನು ಫ್ಲಶ್ ಮಾಡಿದ ಲಿಕ್ವಿಡ್ ತೆರೆದಿದ್ದ ದಾರಿಯಲ್ಲೇ ಹೋಗಿ ತಿಳಿಯಾಗಿ ಬಂದಿದೆ, ಮುಚ್ಚಿದ್ದು ಮುಚ್ಚಿದ ಹಾಗೇ ಇದೆ. ಒಂದೇ ಉದ್ದ ಪೈಪನ್ನು ಹಾವಿನ ಹಾಗೆ ಬಗ್ಗಿಸಿ ಮಾಡುತ್ತಿದ್ದ ಹಳೇ ಕಂಡೆನ್ಸರನ್ನು ತೊಳೆಯಬಹುದಿತ್ತು, ಅಲ್ಲಿ ಬೇರೆ ದಾರಿಯೇ ಇಲ್ಲ. ಇದನ್ನು ತೊಳೆಯಲು ಆಗುವುದಿಲ್ಲ. ನನಗೆ ಗೊತ್ತಿಲ್ಲದ ವಿಷಯ ಏನಲ್ಲ, ಕಣ್ಣಲ್ಲಿ ನೋಡಿರಲಿಲ್ಲ ಅಷ್ಟೇ.

ಸರಿ, ಪ್ರೆಶರ್ ಯಾಕೆ ಏರಿತು ಅನ್ನೋದಕ್ಕೆ ಉತ್ತರ ಸಿಕ್ಕಿತು. ಆದರೆ ಪ್ರೆಶರ್ ಮಿತಿ ಮೀರಿದರೆ ಕ್ಲಚ್ ಕಟ್ ಆಗಬೇಕಲ್ಲ? ಅದಕ್ಕೆಂದೇ ಪ್ರೆಶರ್ ಸ್ವಿಚ್ ಇದೆ. ಸುಮಾರು 30 ಪಿಎಸ್‌ಐಗಿಂತ ಕೆಳಗಿಳಿದರೆ ಗ್ಯಾಸ್ ಇಲ್ಲ ಅಂತ ಕ್ಲಚ್ ಬಿಡಿಸುತ್ತದೆ, 450ರ ಹತ್ತಿರ ಹೋದರೆ ಪೈಪ್ ಒಡೆಯಬಾರದು ಅಂತ ಬಿಡಿಸುತ್ತದೆ. ಆಗ ಹುಡುಗ ಕೇಳಿದ್ದು ನೆನಪಾಯಿತು. ಗ್ಯಾಸ್ ಇಲ್ದೇನೂ ಕ್ಲಚ್ ಹಿಡೀತಲ್ಲ? ಮೊದಲ ದಿನ ನಾನೇ ನೋಡಿದ 20 ಪಿಎಸ್‌ಐ ಕೂಡ ನೆನಪಾಯಿತು. 20ರಲ್ಲಿ ಕ್ಲಚ್ ಹಿಡಿಯಲೇಬಾರದಿತ್ತು.

ಎಡಗಡೆ ಹೆಡ್‌ಲೈಟ್ ಬಿಚ್ಚಿದೆವು. ಪ್ರೆಶರ್ ಸ್ವಿಚ್ಚಿನ ಕನೆಕ್ಟರ್ ಅದರ ಹಿಂದೆ, ಕಪ್ಪು ಟೇಪು ಸುತ್ತಿ ನೀಟಾಗಿ ಕಟ್ಟಿತ್ತು. ಟೇಪ್ ಬಿಡಿಸಿದರೆ ಒಳಗೆ ಒಂದು ಬೆರಳುದ್ದದ ವೈರಿನ ತುಂಡು, ಎರಡು ಪಿನ್ನಿಗೂ ಸೇರಿಸಿ ಸಿಕ್ಕಿಸಿದ್ದರು. ಸ್ವಿಚ್ ಇದ್ದೂ ಇಲ್ಲದ ಹಾಗೆ. ಗ್ಯಾಸ್ ಪೂರ್ತಿ ಖಾಲಿ ಆದ ಗಾಡಿಯಲ್ಲಿ ಕ್ಲಚ್ ಹಿಡಿಯುವುದಿಲ್ಲ, ಬೇಗ ಗ್ಯಾಸ್ ಎಳೆಸಲು ಕೆಲವರು ಹೀಗೆ ಶಾರ್ಟ್ ಮಾಡುತ್ತಾರೆ. ತುಂಬಿಸಿ ಆದ ಮೇಲೆ ತೆಗೆಯಬೇಕು. ಮೂರು ಸಲದಲ್ಲಿ ಯಾವ ಸಲ, ಯಾರು ಬಿಟ್ಟರೋ. ನಾನು ಕೇಳಲು ಹೋಗಲಿಲ್ಲ. ಟೇಪ್ ಸುತ್ತಿದ ರೀತಿ ನೋಡಿದರೆ ಮರೆತು ಬಿಟ್ಟಿದ್ದು ಅಂತ ಮಾತ್ರ ಅನ್ನಿಸುವುದಿಲ್ಲ.

ಎರಡು ಸಾವಿಗೂ ಅದೇ ತುಂಡು. ಮೊದಲ ಕಂಪ್ರೆಸರ್ ಗ್ಯಾಸೂ ಎಣ್ಣೆಯೂ ಇಲ್ಲದೆ ಒಂದು ವಾರ ತಿರುಗಿ ಘಟ್ಟದಲ್ಲಿ ಹೋಯಿತು, ಸ್ವಿಚ್ ಸರಿ ಇದ್ದಿದ್ದರೆ ಎಸಿ ಸುಮ್ನೆ ಬಂದ್ ಆಗುತ್ತಿತ್ತು, ಅವರು ಬೈದುಕೊಂಡು ರಿಪೇರಿಗೆ ಬರುತ್ತಿದ್ದರು, ಕಂಪ್ರೆಸರ್ ಉಳಿಯುತ್ತಿತ್ತು. ಎರಡನೆಯದಕ್ಕೆ ಕಟ್ಟಿಕೊಂಡ ಕಂಡೆನ್ಸರಿನ ಎದುರು ಒತ್ತಡ ಎಷ್ಟೇರಿದರೂ ಬಿಡುವು ಸಿಗಲಿಲ್ಲ. ಮೊದಲೇ 25,000 ಖರ್ಚು ಮಾಡಿಸಿ ಎಲ್ಲ ಹೊಸದು ಹಾಕಿದ್ದರೂ ಆ ವೈರ್ ಅಲ್ಲೇ ಇರುತ್ತಿತ್ತು. ಮುಂದೆ ಯಾವತ್ತಾದರೂ ಸ್ವಲ್ಪ ಸೋರಿದ್ದರೆ ಹೊಸ ಕಂಪ್ರೆಸರಿಗೂ ಅದೇ ಗತಿ.

ಅಕ್ಕೋರನ್ನು ಕರೆಸಿ ಕೊಯ್ದ ಕಂಡೆನ್ಸರ್, ವೈರ್ ಎರಡನ್ನೂ ಟೇಬಲ್ ಮೇಲಿಟ್ಟೆ. ಇದು ನನಗೆ ಮೊದಲೇ ಸಿಗಬೇಕಿತ್ತು, ಈ ಸಲ ಲೇಬರ್ ಬೇಡ, ಸಾಮಾನಿನ ದುಡ್ಡು ಮಾತ್ರ ಕೊಡಿ ಅಂದೆ. ಕಂಪ್ರೆಸರ್ ಹೊಸದು 13,500, ಕಂಡೆನ್ಸರ್ 4,300, ವಾಲ್ವ್ 1,100, ಡ್ರೈಯರ್ 700, ಎಣ್ಣೆ, ಗ್ಯಾಸ್, ಓ ರಿಂಗ್ ಸೇರಿ 1,400. ಒಟ್ಟು 21,000. ಮೊದಲಿನ ಬಿಲ್ಲು, ಫ್ಯಾನ್ ಮೋಟರಿನ 10,000 ಸೇರಿಸಿದರೆ 31,000. ಅವರು ಕನ್ನಡಕ ಏರಿಸಿ ಲೆಕ್ಕ ಎರಡು ಸಲ ಕೂಡಿಸಿ ನೋಡಿ, ಸರಿ ಮಾಡು ಅಂದರು.

ಈ ಸಲ ಮಾಡಿದ ರೀತಿಯಲ್ಲಿ ಕೆಲವನ್ನು ಹೇಳಬೇಕು. ಕೂಲಿಂಗ್ ಕಾಯಿಲ್ ಮತ್ತು ಪೈಪುಗಳನ್ನು ತೊಳೆದು ನೈಟ್ರೋಜನ್‌ನಲ್ಲಿ ಒಣಗಿಸಿದೆ. ಗ್ಯಾರೇಜಿನ ಏರ್ ಲೈನ್ ಮುಟ್ಟಲಿಲ್ಲ. ಕರಾವಳಿಯಲ್ಲಿ ಏರ್ ಟ್ಯಾಂಕಿನ ಕೆಳಗಿನ ನಲ್ಲಿ ಬಿಟ್ಟು ನೋಡಿ, ಎಷ್ಟು ನೀರು ಬರುತ್ತದೆ ಅಂತ. ಅದನ್ನೇ ನಾನು ಹೋದ ಸಲ ಎಸಿ ಪೈಪಿನೊಳಗೆ ಊದಿದ್ದೆ. ಎಸಿ ಎಣ್ಣೆಯೂ ಗಾಳಿಯಲ್ಲಿರುವ ನೀರನ್ನು ಎಳೆದುಕೊಳ್ಳುತ್ತದೆ, ಡಬ್ಬಿ ಬಾಯಿ ತೆರೆದು ಇಟ್ಟರೆ ಮುಗಿಯಿತು. ಡ್ರೈಯರಿನ ಮುಚ್ಚಳ ಕೊನೆಯ ಕ್ಷಣದಲ್ಲಿ ಬಿಚ್ಚಿದೆ. ಹೊಸ ಕಂಪ್ರೆಸರಿನಲ್ಲಿ ಎಣ್ಣೆ ತುಂಬಿಯೇ ಬಂದಿತ್ತು. ಬಗ್ಗಿಸಿ ಅಳೆದು, ಡಬ್ಬಿಯ ಮೇಲೆ ಬರೆದಷ್ಟು ಇದೆ ಅಂತ ನೋಡಿ ವಾಪಸ್ ಹಾಕಿದೆ. ಬೆಲ್ಟ್ ಹಾಕುವ ಮೊದಲು ಕೈಯಲ್ಲಿ ಹತ್ತು ಹನ್ನೆರಡು ಸುತ್ತು ತಿರುಗಿಸಿದೆ, ಒಳಗೆ ಎಣ್ಣೆ ನಿಂತಿರುತ್ತದೆ, ಒಮ್ಮೆಲೇ ಸ್ಟಾರ್ಟ್ ಮಾಡಿದರೆ ಪೆಟ್ಟು ತಿನ್ನುತ್ತದೆ.

ನೈಟ್ರೋಜನ್ ತುಂಬಿ ಸೋಪ್ ನೀರು ಹಚ್ಚಿ ಒಂದೊಂದು ಜಾಯಿಂಟ್ ನೋಡಿದ ಮೇಲೆ ಒಂದು ಗಂಟೆ ವ್ಯಾಕ್ಯೂಮ್, ಅಂದರೆ ಪಂಪು ಹಾಕಿ ಒಳಗಿನ ಗಾಳಿ ಎಳೆದು ತೆಗೆಯುವುದು. ಅರ್ಧ ಗಂಟೆ ಪಂಪ್ ಬಂದ್ ಮಾಡಿ ನೋಡಿದರೂ ಮುಳ್ಳು ಪಾದರಸದ ಲೆಕ್ಕದಲ್ಲಿ 29 ಇಂಚಿನ ಮೇಲೇ ನಿಂತಿತ್ತು. ಅಷ್ಟು ವ್ಯಾಕ್ಯೂಮಿನಲ್ಲಿ ಒಳಗಿನ ನೀರು ನಮ್ಮ ಸೆಕೆಗೇ ಕುದಿದು ಆವಿಯಾಗಿ ಹೊರಗೆ ಹೋಗುತ್ತದೆ. ಶಿರಸಿಯ ಗೆಳೆಯನೊಬ್ಬ, ಅವನದೂ ಇದೇ ಕೆಲಸ, ತನ್ನ ಪಂಪು 28 ದಾಟುವುದೇ ಇಲ್ಲ ಅಂತ ಹೊಸ ಪಂಪು ತೆಗೆಯಲು ಹೊರಟಿದ್ದ. ಪಂಪಿನದು ತಪ್ಪಿಲ್ಲ ಮಾರಾಯ, ಘಟ್ಟದ ಮೇಲೆ ಗಾಳಿಯ ಒತ್ತಡವೇ ಕಡಿಮೆ, ಅಲ್ಲಿ ಗೇಜು ಕೆಳಗಿನವರಿಗಿಂತ ಸುಮಾರು ಎರಡು ಇಂಚು ಕಡಿಮೆಯೇ ತೋರಿಸುತ್ತದೆ ಅಂದೆ.

ಗ್ಯಾಸ್ ಬಾನೆಟ್ಟಿನ ಸ್ಟಿಕ್ಕರಿನಲ್ಲಿ ಬರೆದಷ್ಟು, ತಕ್ಕಡಿ ಮೇಲೆ ತೂಗಿ. ಪೈಪ್ ಮುಟ್ಟಿ ತಣ್ಣಗಾಯ್ತು ಅಂತ ನಿಲ್ಲಿಸುವುದಲ್ಲ. ಕೊನೆಗೆ ಪ್ರೆಶರ್ ಸ್ವಿಚ್ಚಿನ ಕನೆಕ್ಟರ್ ಎಳೆದು ಕ್ಲಚ್ ಬಿಡುತ್ತದಾ ಅಂತ ಹುಡುಗನ ಕೈಯಲ್ಲೇ ನೋಡಿಸಿದೆ. ಬಿಟ್ಟಿತು. ನಿಂತಲ್ಲಿ ಲೋ 35, ಹೈ 220. ಹೈವೇಯಲ್ಲಿ ಒಂದು ಸುತ್ತು ಹೋಗಿ ಬಂದಾಗ ಒಳಗೆ ಬರುವ ಗಾಳಿ 9 ಡಿಗ್ರಿ.

ಆ ವರ್ಷದ ಮಳೆಗಾಲದಲ್ಲಿ ಅಕ್ಕೋರು ವಾರಕ್ಕೆ ಎರಡು ಸಲವಾದರೂ ಎಸಿ ಹಾಕಿದರು. ಗ್ಲಾಸಿನ ಮಂಜು ಒಂದು ನಿಮಿಷದಲ್ಲಿ ಹೋಗುತ್ತದೆ, ಇಷ್ಟು ವರ್ಷ ಪೇಪರಿನಲ್ಲಿ ಒರೆಸಿದೆನಲ್ಲ ಅಂತ ಫೋನ್ ಮಾಡಿ ನಕ್ಕಿದ್ದರು.

ಕಳೆದ ಸಲ ಬಂದಿದ್ದು 2025ರ ಮೇ ತಿಂಗಳಲ್ಲಿ. ಆರ್‌ಸಿ ಇನ್ನೈದು ವರ್ಷಕ್ಕೆ ರಿನ್ಯೂವಲ್ ಮಾಡಿಸುತ್ತಾರಂತೆ, ಅದಕ್ಕೆ ಮೊದಲು ಎಲ್ಲ ಒಮ್ಮೆ ನೋಡಿಬಿಡು ಅಂದರು. ಗೇಜ್ ಹಾಕಿದೆ. ಲೋ 36, ಹೈ 215.

"ಎರಡು ವರ್ಷ ಆಯ್ತಲ್ಲ ತಮ್ಮಾ, ಸ್ವಲ್ಪ ಗ್ಯಾಸ್ ಹಾಕ್ಬಿಡು."

"ಬೇಡ ಅಕ್ಕೋರೆ, ಇದ್ದಷ್ಟೇ ಇದೆ."

ಮುಳ್ಳು ತೋರಿಸಿದೆ. ಬಗ್ಗಿ ನೋಡಿದರು, ನಂಬಿದರೋ ಇಲ್ಲವೋ. ಡಿಕ್ಕಿಯಿಂದ ಒಂದು ಚೀಲ ಕರಿ ಈಶಾಡ ಮಾವು ತೆಗೆದು ಅರ್ಧ ನನಗೆ, ಅರ್ಧ ಹುಡುಗನಿಗೆ ಅಂತ ಎಣಿಸಿ ಕೊಟ್ಟು ಹೋದರು.